ಐವತ್ತೆರಡು ಕೆ.ಜಿ. ಹೆಣ

ಸತ್ತವನು ಬೆವರಬಾರದು ಎಂದು ಅನಿಲ್‌ಕುಮಾರನಿಗೆ ಯಾರೂ ಹೇಳಿರಲಿಲ್ಲ. ಹಾಸನದ ಹೇಮಾವತಿ ಪ್ರತಿಮೆಯ ಹತ್ತಿರ, ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಹಸಿ ಬಿದಿರಿನ ಚಟ್ಟದ ಮೇಲೆ ಅಂಗಾತ ಮಲಗಿ, ಕೊರಳಿಗೆ ಸೇವಂತಿಗೆ ಹಾರ ಹಾಕಿಸಿಕೊಂಡು ಕಣ್ಣು ಮುಚ್ಚಿದ ಮೇಲಷ್ಟೇ ಇದೊಂದು ದೊಡ್ಡ ತಾಪತ್ರಯ ಅಂತ ಅವನಿಗೆ ಹೊಳೆಯಿತು. ಹಣೆಗೆ ಬಳಿದ ವಿಭೂತಿ ಕರಗಿ ಹುಬ್ಬಿಗಿಳಿದು, ಹುಬ್ಬಿನಿಂದ ಕಣ್ಣಿನ ಮೂಲೆಗೆ ಬರುತ್ತಿತ್ತು. ಒರೆಸಿಕೊಳ್ಳುವ ಹಾಗಿಲ್ಲ. ಹೆಣ ಕೈ ಎತ್ತಿದರೆ, ಬಾಯಿ ಬಿಟ್ಟರೆ ಹೋರಾಟದ ಮರ್ಯಾದೆ ಹೋಗುತ್ತದೆ ಎಂದು ಗೂಡ್ಸ್ ಗಾಡಿ ಮಾಲೀಕರ ಸಂಘದ ಅಧ್ಯಕ್ಷ ಮೋಹನ್‌ಕುಮಾರ್ ನಿನ್ನೆಯೇ ಕಟ್ಟಪ್ಪಣೆ ಮಾಡಿದ್ದ. ಮೂಗಿಗೆ ಹತ್ತಿ ಇಡುವ ವಿಚಾರದಲ್ಲಿ ಮಾತ್ರ ಒಂದಿಷ್ಟು ಚೌಕಾಸಿ ನಡೆದು, ಒಂದು ಹೊಳ್ಳೆ ಹತ್ತಿಗೆ, ಇನ್ನೊಂದು ಉಸಿರಿಗೆ ಎಂದು ತೀರ್ಮಾನವಾಗಿತ್ತು. ಆ ಒಂದೇ ಹೊಳ್ಳೆಯಲ್ಲಿ ಊದುಬತ್ತಿಯ ಹೊಗೆಯನ್ನೂ ಬಿ.ಎಂ. ರಸ್ತೆಯ ಡೀಸೆಲ್ ಹೊಗೆಯನ್ನೂ ಎಳೆದುಕೊಳ್ಳುತ್ತ ಅನಿಲ್‌ಕುಮಾರ್ ಸತ್ತು ಮಲಗಿದ್ದ.

ಅವನು ಈ ಗತಿಗೆ ಬಂದದ್ದು ತೂಕದಿಂದ. ಸರ್ಕಾರ ಡೀಸೆಲ್ ಮೇಲಿನ ತೆರಿಗೆ ಏರಿಸಿತು, ಹಿಂದೆಯೇ ಗಾಡಿ ತೆರಿಗೆಯನ್ನೂ ಏರಿಸಿತು. ಅದೂ ಎಂಥ ಹೊತ್ತಿನಲ್ಲಿ! ಕಟ್ಟುತ್ತಿದ್ದ ಮನೆಗಳು ಕಿಟಕಿ ಮಟ್ಟಕ್ಕೆ ನಿಂತು ಕಬ್ಬಿಣದ ಕಡ್ಡಿ ಆಕಾಶಕ್ಕೆ ಚುಚ್ಚಿಕೊಂಡು ತುಕ್ಕು ಹಿಡಿಯುತ್ತಿದ್ದಾಗ, ಹೊಳೆನರಸೀಪುರದ ಸ್ಟ್ಯಾಂಡಿನಲ್ಲಿ ಗಾಡಿಗಳು ಬಾಡಿಗೆಯಿಲ್ಲದೆ ಸಾಲಾಗಿ ನಿಂತು ಅವುಗಳ ನೆರಳಿನಲ್ಲಿ ನಾಯಿಗಳು ಸುಖವಾಗಿ ಮಲಗುತ್ತಿದ್ದಾಗ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕು ತಾಲ್ಲೂಕಿನವರೂ ಸೇರಿ ಅಣಕು ಶವಯಾತ್ರೆ ಮಾಡುವುದೆಂದು ಗೊತ್ತಾಯಿತು. ಹುಲ್ಲಿನ ಗೊಂಬೆ ಮಾಡಿ ಸುಡೋಣವೆಂದರೆ ಬೆಂಕಿ ಹಚ್ಚಿದರೆ ಕೇಸು ಎಂದರು ಪೊಲೀಸರು. ಹಾಗಾದರೆ ಜೀವಂತ ಹೆಣವೇ ಆಗಲಿ ಎಂದು ಚನ್ನರಾಯಪಟ್ಟಣದವನೊಬ್ಬ ಹುಮ್ಮಸ್ಸಿನಿಂದ ಮಲಗಿಯೂ ಬಿಟ್ಟ, ನಾಲ್ಕು ಜನ ಎತ್ತಲು ಹೋಗಿ ಇಬ್ಬರ ಸೊಂಟ ಹಿಡಿದುಕೊಂಡಿತು. ಆಗ ಎಲ್ಲರೂ ತಿರುಗಿ ಅನಿಲ್‌ಕುಮಾರನ ಕಡೆ ನೋಡಿದರು. ಅವರು ನೋಡಿದ ರೀತಿಯೇ ಅವನಿಗೆ ನಾಟಿದ್ದು. ಲೋಡು ಹೊರುವ ಮುಂಚೆ ಹಮಾಲಿಗಳು ಚೀಲವನ್ನು ನೋಡುತ್ತಾರಲ್ಲ, ಹಾಗೆ. "ಐವತ್ತೆರಡು ಕೆ.ಜಿ. ಕಣ್ಲಾ ಇವ್ನು, ಒಂದ್ ಸಿಮೆಂಟ್ ಚೀಲ, ಮೇಲೆರಡು ಕೆ.ಜಿ. ಬೆಲ್ಲ" ಎಂದ ಅರಕಲಗೂಡಿನ ಕೀರ್ತಿರಾಜ್. ಎಲ್ಲರೂ ನಕ್ಕರು, ಅನಿಲ್‌ಕುಮಾರನೂ ನಕ್ಕ. ನಕ್ಕ ಮೇಲೆ ಊಂ ಅನ್ನದೆ ಇರುವುದು ಹೇಗೆ? ಊಂ ಅಂದ.

ಈ ಊಂ ಅನ್ನುವುದೊಂದು ಅವನ ಹುಟ್ಟುಗುಣ. ನಲವತ್ನಾಲ್ಕು ವರ್ಷದಲ್ಲಿ ಯಾರಿಗಾದರೂ ಎದುರುನಿಂತು ಆಗಲ್ಲ ಅಂದದ್ದು ಅವನಿಗೆ ನೆನಪಿಲ್ಲ. ಹೋದ ತಿಂಗಳು ಬೂವನಹಳ್ಳಿಯ ಕಡೆ ಇಟ್ಟಿಗೆ ಹೇರಿಕೊಂಡು ಹೋಗಿದ್ದಾಗ ಮನೆ ಕಟ್ಟಿಸುತ್ತಿದ್ದವನು ಗೇಟಿನಲ್ಲೇ ಅಡ್ಡ ನಿಂತು, ಕೆಲಸ ನಿಲ್ಲಿಸ್ಬುಟ್ಟಿದ್ದೀನಿ, ವಾಪಸ್ ತಗಂಡೋಗು ಅಂದ. ಹೋಗುವ ಬರುವ ಎರಡು ದಾರಿಯ ಡೀಸೆಲ್ ಯಾರು ಕೊಡುತ್ತಾರೆ ಅಂತ ಕೇಳಬೇಕಾಗಿತ್ತು. ಕೇಳಲಿಕ್ಕೆ ಬಾಯಿ ತೆರೆದಾಗ ಆ ಮನುಷ್ಯನ ಕಣ್ಣು ಕೆಂಪಾಗಿದ್ದುದು ಕಂಡಿತು, ಅತ್ತಿದ್ದನೋ ನಿದ್ದೆ ಕೆಟ್ಟಿದ್ದನೋ. ಅನಿಲ್‌ಕುಮಾರ್ ಊಂ ಅಂದು ಗಾಡಿ ತಿರುಗಿಸಿದ. ಗಾಡಿ ತಿರುಗಿಸುವಾಗ ಆ ಪುಣ್ಯಾತ್ಮ ಹಿಂದೆ ನಿಂತು, ಬರ್ಲಿ ಬರ್ಲಿ, ಲೆಫ್ಟು, ಲೆಫ್ಟು ಅಂತ ಕೈ ಬೇರೆ ತೋರಿಸುತ್ತಿದ್ದ.

"ಸತ್ತನಪ್ಪೋ ಸತ್ತ!" ಎಂದು ಯಾರೋ ಕೂಗಿದರು, "ಗಾಡಿ ಮಾಲೀಕ ಸತ್ತ!" ಎಂದು ಇನ್ನೂರು ಗಂಟಲು ಉತ್ತರ ಕೊಟ್ಟವು. ತಮಟೆ ಬಿತ್ತು. ಚಟ್ಟ ನೆಲ ಬಿಟ್ಟು ಮೇಲೇಳುವಾಗ ಅನಿಲ್‌ಕುಮಾರನ ಹೊಟ್ಟೆಯೊಳಗೆ ಏನೋ ಒಂದು ಕ್ಷಣ ಹಿಂದೆಯೇ ಉಳಿದು ಆಮೇಲೆ ಬಂದು ಸೇರಿಕೊಂಡಿತು. ಎಡಗಡೆಯ ಮುಂಬಿದಿರು ಮೋಹನ್‌ಕುಮಾರನ ಹೆಗಲ ಮೇಲಿತ್ತು. ಅವನು ಹಚ್ಚುವ ಸೆಂಟಿನಿಂದ ಅದು ಗೊತ್ತಾಯಿತು. ಬಲಗಡೆ ಕೀರ್ತಿರಾಜ್. ಅವನು ಕುಳ್ಳ, ಮೋಹನ್‌ಕುಮಾರ್ ಎತ್ತರ, ಹೀಗಾಗಿ ಹೆಣ ಬಲಕ್ಕೆ ವಾಲಿಕೊಂಡೇ ಎನ್.ಆರ್. ವೃತ್ತ ದಾಟಿತು. ಯಾರೋ ಎರಚಿದ ಪುರಿಯ ಒಂದು ಕಾಳು ಬಂದು ಸರಿಯಾಗಿ ಅವನ ತುಟಿಯ ಮೇಲೆ ಕೂತಿತು. ತಿನ್ನಲೋ ಬೇಡವೋ ಎಂಬ ದೊಡ್ಡ ಪ್ರಶ್ನೆ ಎದ್ದಿತು. ಬೆಳಿಗ್ಗೆ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದ. ತಟ್ಟೆಯಲ್ಲಿ ಯಾಕೆ ಬಿಟ್ಟೆ ಅಂತ ಹೆಂಡತಿ ಶಿವರಂಜನಿ ಕೇಳಲಿಲ್ಲ, ಸುಮ್ಮನೆ ನೋಡಿದಳು. ಅವಳ ಆ ನೋಟವನ್ನು ಅವನು ಹೊಳೆನರಸೀಪುರದಿಂದ ಹಾಸನದವರೆಗೂ ಹೊತ್ತುಕೊಂಡು ಬಂದಿದ್ದ.

ಕಾಳು ತಿನ್ನಲಿಲ್ಲ. ಅಷ್ಟರಲ್ಲಿ ಸೆಂಟಿನ ವಾಸನೆ ಹತ್ತಿರ ಬಂತು. "ನಾಕ್ ಗಂಟೆಗೆ ಆಫೀಸ್ ತಾವ ಬಂದ್ಬುಡು ಕಣಯ್ಯ" ಎಂದು ಮೋಹನ್‌ಕುಮಾರ್ ಬಿದಿರಿನ ಕೆಳಗಿನಿಂದ ಪಿಸುಗುಟ್ಟಿದ. "ಪೇಪರ್ ಎಲ್ಲಾ ರೆಡಿ ಮಾಡ್ಸಿವ್ನಿ. ಒಂದ್ ಸೈನ್ ಆಕ್ಬುಟ್ರೆ ಮುಗೀತು. ಬತ್ತೀಯ ತಾನೇ?" ಹೆಣ ಮಾತಾಡಬಾರದು ಅಂತ ಕಟ್ಟಪ್ಪಣೆ ಮಾಡಿದವನೇ ಹೆಣದ ಹತ್ತಿರ ಉತ್ತರ ಕೇಳಿದ. ಕೇಳಿದವನೇ, "ಸರಿ ಬುಡು" ಎಂದು ತೃಪ್ತಿಯಿಂದ ಹೆಗಲು ಸರಿಮಾಡಿಕೊಂಡು, "ಏರಿಸಿದ ತೆರಿಗೆ!" ಎಂದು ಗುಡುಗಿದ. "ಇಳಿಸಲೇಬೇಕು!" ಎಂದರು ಮಂದಿ.

ವಿಷಯ ಇಷ್ಟೇ. ಅನಿಲ್‌ಕುಮಾರ್ ತನ್ನ ಗಾಡಿಯನ್ನು ಮೋಹನ್‌ಕುಮಾರನಿಗೆ ಮಾರುತ್ತೇನೆ ಅಂತ ಒಪ್ಪಿಕೊಂಡು ಒಂಬತ್ತು ದಿನವಾಗಿತ್ತು, ಅದನ್ನು ಶಿವರಂಜನಿಗೆ ಹೇಳಿರಲಿಲ್ಲ. ಗಾಡಿ ಕೊಂಡದ್ದು ಅವಳು ಮದುವೆಯಲ್ಲಿ ತಂದ ಎರಡೆಳೆ ಸರ ಮಾರಿ. ಸರವನ್ನು ಬಿಚ್ಚಿಕೊಡುವಾಗ ಅವಳು ಅಳಲಿಲ್ಲ, ಗಾಡಿ ಮನೆ ಮುಂದೆ ಬಂದು ನಿಂತಾಗ ಅತ್ತಳು. ಹಾರ್ನ್ ಒತ್ತಿ ನೋಡಿ ಬೀದಿಯವರೆಲ್ಲ ಬಾಗಿಲಿಗೆ ಬರುವಂತೆ ಮಾಡಿ, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಂಥ ಗಾಡಿಯನ್ನು, ಹೊಸ ತೆರಿಗೆ ಕಟ್ಟುವ ಶಕ್ತಿಯಿಲ್ಲ, ಬಾಡಿಗೆಯೂ ಇಲ್ಲ, ಇನ್ನು ಇಟ್ಟುಕೊಂಡು ಮಾಡುವುದೇನು ಅಂತ ಅವನು ಒಬ್ಬನೇ ಸ್ಟ್ಯಾಂಡಿನಲ್ಲಿ ಕೂತು ಯೋಚಿಸಿದ್ದ. ಮೋಹನ್‌ಕುಮಾರ್ ಪಕ್ಕದಲ್ಲಿ ಬಂದು ಕೂತು ಹೆಗಲ ಮೇಲೆ ಕೈಯಿಟ್ಟು, ನಂಗೆ ಬುಟ್ಬುಡು, ಇನ್ಯಾರ್ ತಗೋತಾರೆ ಈಗ, ಅಂದ. ಊಂ ಅಂದದ್ದಾಯಿತು. ತೆರಿಗೆಯ ವಿರುದ್ಧ ಎಲ್ಲರಿಗಿಂತ ಜೋರಾಗಿ ಕೂಗುವ ಮನುಷ್ಯನೇ, ತೆರಿಗೆಗೆ ಹೆದರಿದವರ ಗಾಡಿಗಳನ್ನು ಸಿಕ್ಕಿದ ರೇಟಿಗೆ ಕೊಳ್ಳುತ್ತಾನೆ. ಇದರಲ್ಲಿ ಮೋಸವೇನೂ ಇಲ್ಲ ಅಂತ ಅನಿಲ್‌ಕುಮಾರನಿಗೆ ಅನ್ನಿಸುತ್ತಿತ್ತು. ಮೋಸವಿದ್ದಿದ್ದರೆ ಬೈಯಬಹುದಾಗಿತ್ತು, ಇಲ್ಲದ್ದರಿಂದ ಬೈಯಲಿಕ್ಕೂ ಆಗದೆ ಹೊಟ್ಟೆಯೊಳಗೇ ಉರಿಯುತ್ತಿತ್ತು.

ತೆರಿಗೆಯ ಮೇಲಾದರೂ ಸರಿಯಾಗಿ ಸಿಟ್ಟು ಮಾಡೋಣವೆಂದರೆ ಅದಕ್ಕೂ ಶಿವರಂಜನಿ ಬಿಡುತ್ತಿರಲಿಲ್ಲ. ಹಾಸನದ ಗಾರ್ಮೆಂಟ್ಸಿನಲ್ಲಿ ಸಿದ್ಧವಾದ ಅಂಗಿಗಳ ದಾರ ಕತ್ತರಿಸುವುದು ಅವಳ ಕೆಲಸ. ಈಗ ಆರ್ಡರ್ ಇಲ್ಲ ಅಂತ ವಾರಕ್ಕೆ ಮೂರೇ ದಿನ ಕರೆಯುತ್ತಿದ್ದರು. ಹೋಗಿ ಬರುವ ಬಸ್ಸು ಬಿಟ್ಟಿ. "ನಂಗೆ ಬಸ್ ಬಿಟ್ಟಿ ಕೊಟ್ಟವ್ರೆ, ನಿಮ್ಮವ್ವಂಗೆ ಪಿಂಚಣಿ ಕೊಡ್ತಾವ್ರೆ. ಅದೇನ್ ಆಕಾಸದಿಂದ ಉದುರ್ತದಾ? ನಿನ್ ಗಾಡಿ ಟ್ಯಾಂಕಿಂದ ಇಳಿಸ್ಕಂಡು ನಮ್ ಕೈಗ್ ಆಕ್ತಾವ್ರೆ" ಅಂದಿದ್ದಳು ಒಂದು ದಿನ, ಮುದ್ದೆ ತೊಳಸುತ್ತ. "ಅಂಗಾರೆ ನಾನ್ ಯಾರ್ ಮೇಲೆ ಕ್ವಾಪ ಮಾಡ್ಕಳ್ಳಿ?" ಅಂತ ಅವನು ನಿಜವಾಗಿಯೂ ಗೊತ್ತಾಗದೆ ಕೇಳಿದ. ಅವ್ವ ಮೂಲೆಯಿಂದ, "ನನ್ ಮೇಲ್ ಮಾಡ್ಕ ಮಗಾ, ನಾನಂತೂ ಮುದುಕಿ" ಅಂದಳು, ಮೂವರೂ ನಕ್ಕರು. ಆ ನಗುವಿನ ನಡುವೆಯೇ ಗಾಡಿಯ ವಿಷಯ ಹೇಳಿಬಿಡಬಹುದಿತ್ತು. ಬಾಯಿಯವರೆಗೂ ಬಂದಿತ್ತು, ಮುದ್ದೆ ಬಿಸಿಯಿದೆ ಅಂತ ನೆಪ ಸಿಕ್ಕಿತು, ನುಂಗಿಕೊಂಡ.

ಜಿಲ್ಲಾಧಿಕಾರಿ ಕಚೇರಿಯ ಗೇಟಿನ ಮುಂದೆ ಚಟ್ಟ ಇಳಿಸಿದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಬರುತ್ತಾರೆ ಅಂತ ಒಳಗಿನಿಂದ ಸುದ್ದಿ ಬಂತು. ಭಾಷಣ ಶುರುವಾಯಿತು. ಅನಿಲ್‌ಕುಮಾರ್ ರೆಪ್ಪೆಯ ಸಂದಿಯಿಂದ ಮೇಲೆ ನೋಡಿದ, ಮಳೆಮರದ ಕೊಂಬೆಯೊಂದು ಕಂಡಿತು, ಅದರಲ್ಲಿ ಒಂದು ಕಾಗೆ ಕೂತು ಇವನನ್ನೇ ಪರೀಕ್ಷೆ ಮಾಡುತ್ತಿತ್ತು. ಥೂ, ಇದೊಂದು ಕಡಿಮೆಯಿತ್ತು. ಕಾಲು ಜೋಮು ಹಿಡಿದಿತ್ತು, ಸ್ವಲ್ಪ ಮಡಚೋಣವೆಂದು ನೋಡಿದರೆ ಆಗಲಿಲ್ಲ. ಆಗ ನೆನಪಾಯಿತು. ಬೆಳಿಗ್ಗೆ ಚಟ್ಟ ಕಟ್ಟಿದವನು ಅವನದೇ ಊರಿನ ಕೆಂಪಣ್ಣ. ಬೀದಿಯಲ್ಲಿ ಯಾರು ಸತ್ತರೂ ಚಟ್ಟಕ್ಕೆ ಅವನದೇ ಕೈ. ಐವತ್ತು ವರ್ಷದ ಅಭ್ಯಾಸ. ಇದು ಅಣಕು, ಸುಮ್ನೆ ಎರಡು ಬಿದಿರು ಜೋಡ್ಸು ಅಂದರೂ ಅವನಿಗೆ ಕೇಳಿಸಲೇ ಇಲ್ಲ. ಅಡ್ಡಕ್ಕೆ ಬಿದಿರ ಗಳ ಹಾಸಿ, ಹುಲ್ಲು ಹರಡಿ, ಅನಿಲ್‌ಕುಮಾರನನ್ನು ಮಲಗಿಸಿ, ಎರಡೂ ಕಾಲಿನ ಹೆಬ್ಬೆರಳು ಸೇರಿಸಿ ದಾರ ಬಿಗಿದ. ಅಷ್ಟಕ್ಕೇ ಬಿಟ್ಟನೆ? ದಾರಿಯಲ್ಲಿ ಹೆಣ ಜಾರಬಾರದು ಅಂತ ತೆಂಗಿನ ಹಗ್ಗದಿಂದ ಮಂಡಿ, ಸೊಂಟ, ಎದೆ ಮೂರು ಕಡೆ ಬಿದಿರಿಗೆ ಸೇರಿಸಿ ಬಿಗಿದುಬಿಟ್ಟ, ಮೇಲೆ ಬಿಳಿ ಬಟ್ಟೆ ಹೊದೆಸಿದ. ಬಟ್ಟೆ ಹೊದೆಸುವಾಗ ಮುದುಕ ನಿಜವಾಗಿಯೂ ಕಣ್ಣೊರೆಸಿಕೊಂಡ. ಅದು ಕೂಡ ಅಭ್ಯಾಸವೇ ಇರಬೇಕು.

ಆಗ ಅವಳ ಚಪ್ಪಲಿಯ ಸದ್ದು ಕೇಳಿಸಿತು. ಇನ್ನೂರು ಜನರ ಗದ್ದಲದಲ್ಲಿ ಒಂದು ಜೊತೆ ಹವಾಯಿ ಚಪ್ಪಲಿಯ ಸದ್ದು ಗೊತ್ತಾಗುತ್ತದೆಯೇ ಅಂತ ಕೇಳಬೇಡಿ, ಗಂಡನಾದವನಿಗೆ ಗೊತ್ತಾಗುತ್ತದೆ. ಗಾರ್ಮೆಂಟ್ಸಿನ ಎಣ್ಣೆ ವಾಸನೆಯೂ ಬಂತು. ಅನಿಲ್‌ಕುಮಾರ್ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡ. ಶಿವರಂಜನಿ ಚಟ್ಟದ ಪಕ್ಕದಲ್ಲಿ ಧಡಕ್ಕನೆ ಕೂತಳು, ಒಂದು ಸಲ ಮೂಗು ಸೇದಿದಳು, ಎದೆ ಬಡಿದುಕೊಂಡು ದನಿ ತೆಗೆದಳು.

"ಅಯ್ಯೋ ನನ್ ದೊರೆಯೇ... ಉಪ್ಪಿಟ್ ಅರ್ಧಕ್ಕೇ ಬುಟ್ಟು ಎದ್ದೋದ್ಯಲ್ಲಪ್ಪೋ... ಕೆಲಸದ ತಾವ ಮೊಬೈಲ್ ತಗುದ್ರೆ ನಿನ್ ಹೆಣದ ಪೋಟ ಕಾಣ್ತದಲ್ಲಪ್ಪೋ..."

ಭಾಷಣ ನಿಂತಿತು. ಜನ ಸುತ್ತುಗಟ್ಟಿದರು. ಅಳಲಿಕ್ಕೆ ಹೆಂಗಸನ್ನೂ ಕರೆಸಿದ್ದಾರೆ, ಭೇಷ್, ಅಂತ ಹಿಂದಿನಿಂದ ಯಾರೋ ಅಂದರು. ಟಿ.ವಿ.ಯವನು ಕ್ಯಾಮೆರಾ ತಿರುಗಿಸಿದ. ಮೋಹನ್‌ಕುಮಾರ್ ಕೂಡ ಇದು ಯಾರ ಏರ್ಪಾಡು ಅಂತ ತಿಳಿಯದೆ, ಆದರೆ ಚೆನ್ನಾಗಿದೆ ಅನ್ನುವ ಮುಖ ಮಾಡಿ ನಿಂತ. ತಮಟೆಯವನು ಹದವಾಗಿ ಎರಡು ಪೆಟ್ಟು ಸೇರಿಸಿದ.

"ನಿನ್ ಹೆಣದ ಪೋಟ ಒಂದ್ ಕಿತಾ ಒತ್ತುದ್ರೆ... ಮುಂದ್ಲು ಪೋಟದಲ್ಲಿ ನಮ್ ಗಾಡಿ ನಿಂತದಲ್ಲಪ್ಪೋ... ಮಾರಾಟಕ್ಕದೆ ಅಂತ ಬರ್ದವ್ರಲ್ಲಪ್ಪೋ... ಮೋಹನ್‌ಕುಮಾರಪ್ಪನ ನಂಬರ್ ಆಕವ್ರಲ್ಲಪ್ಪೋ..."

ಕೀರ್ತಿರಾಜ್ ಮೊದಲು ಕಿಸಕ್ಕಂದ. ಮೋಹನ್‌ಕುಮಾರನ ಸೆಂಟು ಎರಡು ಹೆಜ್ಜೆ ಹಿಂದೆ ಸರಿಯಿತು. ಇನ್ನೂ ಸೈನ್ ಆಗದ ಗಾಡಿಯನ್ನು ಆ ಮಹಾಶಯ ಮೆರವಣಿಗೆಯ ಫೋಟೊದ ಬೆನ್ನಿಗೇ ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಏರಿಸಿದ್ದ. ಅನಿಲ್‌ಕುಮಾರನಿಗೆ ಮುಚ್ಚಿದ ಕಣ್ಣೊಳಗೆ ಎಲ್ಲವೂ ಬೆಳ್ಳಗಾಯಿತು. ಒಂಬತ್ತು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದು ಈಗ ನಾಲ್ಕು ತಾಲ್ಲೂಕಿನ ಮುಂದೆ ರಾಗವಾಗಿ ಹೊರಗೆ ಬರುತ್ತಿತ್ತು. ನಾಚಿಕೆಯಾಯಿತು, ನಾಚಿಕೆಯ ಅಡಿಯಲ್ಲಿ ಒಂಥರಾ ನಿರಾಳವೂ ಆಯಿತು, ಆ ನಿರಾಳಕ್ಕೆ ಮತ್ತೆ ನಾಚಿಕೆಯಾಯಿತು. ಬೆವರೋ ಇನ್ನೇನೋ ಕಣ್ಣಿನ ಮೂಲೆಯಿಂದ ಇಳಿದು ಕಿವಿಗೆ ಹೋಯಿತು.

"ನನ್ ಸರ ಕೊಟ್ಟಾಗ ನಾನ್ ಯೋಳಿ ಕೊಟ್ನಲ್ಲಪ್ಪೋ... ನೀನ್ ಯೋಳ್ದೇ ಕೊಟ್ಯಲ್ಲಪ್ಪೋ..." ಇಲ್ಲಿ ಅವಳ ರಾಗ ತಪ್ಪಿತು. ತಮಟೆಯವನು ಪೆಟ್ಟು ಎತ್ತಿ ಹಾಗೇ ನಿಲ್ಲಿಸಿದ. ಅವಳು ಮಾಮೂಲು ದನಿಯಲ್ಲಿ, ಅನಿಲ್‌ಕುಮಾರನ ಕಿವಿಯ ಹತ್ತಿರ ಬಾಗಿ, "ಸಾಕು, ಎದ್ದೇಳು ಮೇಲಕ್ಕೆ. ಎದ್ದು ನನ್ ಮಕ ನೋಡ್ಕಂಡು ಮಾತಾಡು" ಅಂದಳು.

"ಏಳಕಾಯ್ತಾ ಇಲ್ಲ ಕಣೇ" ಎಂದಿತು ಹೆಣ. "ಕಟ್ಟಾಕವ್ರೆ."

ಶಿವರಂಜನಿ ಬಿಳಿ ಬಟ್ಟೆ ಎಳೆದಳು. ಹಗ್ಗ ಕಂಡು ಜನ ಹೋ ಅಂದರು. ಕೆಂಪಣ್ಣನನ್ನು ಮುಂದೆ ತಳ್ಳಿದರು. ಅವನು ಗಂಟನ್ನು ಬಗ್ಗಿ ನೋಡಿ, ತನ್ನ ಕೆಲಸಕ್ಕೆ ತಾನೇ ಮೆಚ್ಚಿ, "ಇದು ಬಿಚ್ಚೋ ಗಂಟಲ್ಲ ಕಣವ್ವ, ಮಸಾಣದಲ್ಲಿ ಕತ್ತರ್ಸೋ ಗಂಟು. ಬಿಚ್ಚೋ ಗಂಟು ನಾನ್ ಕಲ್ತೇ ಇಲ್ಲ" ಅಂದ. ಎಳನೀರಿನವನ ಹತ್ತಿರ ಮಚ್ಚು ತರಲು ಇಬ್ಬರು ಓಡಿದರು. ಕಚೇರಿ ಮುಂದೆ ಮಚ್ಚು ಹಿಡಿದರೆ ಒಳಗಾಕ್ತೀನಿ ಅಂತ ಇನ್ಸ್‌ಪೆಕ್ಟರು ಗದರಿಸಿದರು, ಇಬ್ಬರೂ ಹಾಗೇ ವಾಪಸು ಬಂದರು. ಕೊನೆಗೆ ಶಿವರಂಜನಿ ತನ್ನ ಚೀಲದಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದಳು. ಹೆಬ್ಬೆರಳಿನಷ್ಟು ದಪ್ಪದ ತೆಂಗಿನ ಹಗ್ಗಕ್ಕೆ ಆ ಕತ್ತರಿ! ಕಾಲಿನ ಹತ್ತಿರ ಕೂತು ನಾರು ನಾರಾಗಿ ಕತ್ತರಿಸತೊಡಗಿದಳು. ಅನಿಲ್‌ಕುಮಾರನಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಮಳೆಮರವೂ ಕಾಗೆಯೂ ಮಾತ್ರ ಕಾಣುತ್ತಿದ್ದವು.

ಅಷ್ಟರಲ್ಲಿ ಸಾಹೇಬರು ಬಂದರು. ಬಂದೇ ಬಿಟ್ಟರು, ಹಿಂದೆ ಇಬ್ಬರು ಗುಮಾಸ್ತರು, ಕೈಯಲ್ಲಿ ಕನ್ನಡಕ. ಮೋಹನ್‌ಕುಮಾರ್ ಗಾಬರಿಯಿಂದ, "ಅಂಗೇ ಮನೀಕಳ್ಲಾ, ಕಣ್ ಮುಚ್ಚು, ಪೋಟ ತಗೀತಾರೆ!" ಅಂತ ಹಲ್ಲು ಕಚ್ಚಿ ಅಂದು, ಮನವಿ ಪತ್ರ ಹಿಡಿದು ನಗುತ್ತ ಮುಂದೆ ಹೋದ. ಆರ್ಥಿಕ ಹಿಂಜರಿತ, ಬಾಡಿಗೆಯಿಲ್ಲದ ದಿನಗಳು, ಇಂಥ ಸಂದರ್ಭದಲ್ಲಿ ತೆರಿಗೆ ಏರಿಸಿದ್ದು ಗಾಯದ ಮೇಲೆ ಬರೆ, ಎಂದು ಚೆನ್ನಾಗಿಯೇ ಓದಿದ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಸಾಹೇಬರು ಕೇಳಿಸಿಕೊಂಡು, "ಸರ್ಕಾರಕ್ಕೆ ಕಳಿಸ್ತೀನಿ. ಈ ತೆರಿಗೆಯಿಂದ ಗಾಡಿ ಮಾರಿದೋರು ಎಷ್ಟು ಜನ ಇದ್ದೀರಿ?" ಅಂತ ಕೇಳಿದರು.

"ತುಂಬಾ ಜನ ಅವ್ರೆ ಸಾ, ಲೆಕ್ಕ ಇಲ್ಲ" ಎಂದ ಮೋಹನ್‌ಕುಮಾರ್.

"ಲೆಕ್ಕ ಅದೆ ಸಾ, ಅನ್ನೊಂದು" ಎಂದಳು ಶಿವರಂಜನಿ, ಹಗ್ಗದಿಂದ ತಲೆ ಎತ್ತದೆ. "ಅನ್ನೊಂದೂ ಇವ್ರ ಸ್ಟೇಟಸ್ಸಲ್ಲೇ ನಿಂತವೆ. ನಮ್ದು ಸೇರುದ್ರೆ ಅನ್ನೆರಡು."

ನಗು ಎದ್ದಿತು. ಆದರೆ ನಗು ಎದ್ದಷ್ಟೇ ಬೇಗ ನಿಂತಿತು, ಯಾಕೆಂದರೆ ಆ ಹನ್ನೊಂದರಲ್ಲಿ ನಾಲ್ಕು ಗಾಡಿಯವರು ಅಲ್ಲೇ ಗುಂಪಿನಲ್ಲಿ ನಿಂತಿದ್ದರು. ಮೋಹನ್‌ಕುಮಾರನ ಕಿವಿ ಕೆಂಪಾಯಿತು. "ನಾನೇನ್ ಕತ್ ಹಿಸುಕಿ ಕಿತ್ಕಂಡ್ನಾ? ಮೂರ್ ತಿಂಗ್ಳಿಂದ ಒಂದೂ ಮಾರಾಟ ಆಗಿಲ್ಲ, ಅವುಕ್ಕೆಲ್ಲ ಟ್ಯಾಕ್ಸ್ ಯಾರ್ ಕಟ್ತಾವ್ರೆ? ನಾನ್ ಕಟ್ತಾ ಇವ್ನಿ!" ಅಂದ, ದನಿ ಒಡೆಯಿತು. ಅನಿಲ್‌ಕುಮಾರನಿಗೆ ಅವನ ಮೇಲೆ ಅಯ್ಯೋ ಅನ್ನಿಸಿತು. ಮೋಹನ್‌ಕುಮಾರ್ ತಿರುಗಿ ಚಟ್ಟದ ಕಡೆ ಕೈ ಮಾಡಿ, "ಕೇಳಿ ಇವ್ನನ್ನೇ. ನೀನೇ ತಾನೇ ಊಂ ಅಂದಿದ್ದು? ಯೋಳ್ಲಾ ಅನಿಲಾ!"

ಸಾಹೇಬರು ಕನ್ನಡಕ ಹಾಕಿಕೊಂಡು ಹೆಣದ ಕಡೆ ನೋಡಿದರು. ಇನ್ಸ್‌ಪೆಕ್ಟರು ನೋಡಿದರು. ಕ್ಯಾಮೆರಾ ನೋಡಿತು. ಮಂಡಿಯ ಹಗ್ಗದ ಮೇಲೆ ಕತ್ತರಿಯ ಸದ್ದು ನಿಂತಿತು. ಅನಿಲ್‌ಕುಮಾರನ ಗಂಟಲಿನಲ್ಲಿ ಆ ಹಳೇ ಊಂ ಸಿದ್ಧವಾಗಿ ಬಂದು ಕೂತಿತ್ತು, ಬಾಯಿ ತೆರೆದರೆ ಸಾಕು, ತಾನಾಗಿ ಹೊರಬೀಳುತ್ತಿತ್ತು. ಬೂವನಹಳ್ಳಿಯ ಮನುಷ್ಯನ ಕೆಂಪು ಕಣ್ಣು ನೆನಪಾಯಿತು. ಎಲ್ಲರಿಗೂ ಕಷ್ಟವೇ, ಎಲ್ಲರೂ ಪಾಪವೇ, ಹಾಗಂತ ಅವಳಿಗೆ ಹೇಳದೆ ಇದ್ದದ್ದು ಯಾರ ಕಷ್ಟ ತೀರಿಸಲಿಕ್ಕೆ? ಮೂಗಿನ ಹತ್ತಿಯನ್ನು ಫುಸ್ ಎಂದು ಊದಿ ಹಾರಿಸಿದ.

"ಊಂ ಅಂದಿದ್ದು ನಿಜ ಅಣ್ಣ" ಅಂದ, ಆಕಾಶಕ್ಕೆ. "ನಿನ್ ತಪ್ಪಿಲ್ಲ. ನಾನು ಎಲ್ಲಾದ್ಕೂ ಊಂ ಅಂತೀನಿ. ಇವತ್ ನಾಕ್ ಗಂಟೆಗೆ ಮಾತ್ರ ಬರಕಿಲ್ಲ. ಮಾರಕಿಲ್ಲ."

"ಏನಂದೆ?" ಎಂದ ಮೋಹನ್‌ಕುಮಾರ್.

"ಮಾರಕಿಲ್ಲ ಅಂದೆ" ಎಂದ ಅನಿಲ್‌ಕುಮಾರ್. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಕಟ್ಟಿಹಾಕಿದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಈ ಹೊತ್ತಿಗೆ ಎದ್ದು ಓಡಿರುತ್ತಿದ್ದ.

ಸಾಹೇಬರು ಮನವಿ ಪತ್ರಕ್ಕೆ ಸಹಿ ಹಾಕಿ ಗುಮಾಸ್ತರ ಕೈಗೆ ಕೊಟ್ಟು, "ಅವನನ್ನ ಮೊದಲು ಬಿಡಿಸ್ರಪ್ಪ" ಅಂದು ಒಳಗೆ ಹೋದರು. ಮಂದಿ ಕಾಫಿಯ ಕಡೆ, ಎಳನೀರಿನ ಕಡೆ ಚದುರಿತು. ಮೋಹನ್‌ಕುಮಾರ್ ಮೊಬೈಲ್ ತೆಗೆದು ಏನನ್ನೋ ಒತ್ತಿ ಅಳಿಸಿ ಹೊರಟುಹೋದ. ಚಟ್ಟದ ಹತ್ತಿರ ಗಂಡ ಹೆಂಡತಿ ಇಬ್ಬರೇ ಉಳಿದರು. ಮಂಡಿಯದು ಬಿಟ್ಟಿತು, ಸೊಂಟದ್ದು ಅರ್ಧವಾಗಿತ್ತು.

"ಯೋಳಕ್ಕೆ ನಾಚ್ಕೆ ಆಯ್ತು ಕಣೇ" ಎಂದ ಅನಿಲ್‌ಕುಮಾರ್. "ನೀನ್ ಸರ ಬಿಚ್ಚಿ ಕೊಟ್ಟೋಳು. ನಿನ್ ಮುಂದೆ ನಿಂತ್ಕಂಡು ಸೋತೋದೆ ಅನ್ನಕಾಗ್ಲಿಲ್ಲ."

ಅವಳು ಕತ್ತರಿಸುತ್ತಲೇ ಇದ್ದಳು. ಬೆರಳಿಗೆ ಬೊಬ್ಬೆ ಬಂದಿರಬೇಕು, ನಡುನಡುವೆ ಕೈ ಬದಲಾಯಿಸಿಕೊಳ್ಳುತ್ತಿದ್ದಳು.

"ಟ್ಯಾಕ್ಸ್ ಇಳಿಸ್ತಾರಾ?" ಅಂತ ಕೇಳಿದಳು.

"ಇಳಿಸಕಿಲ್ಲ."

"ಬಾಡಿಗೆ ಸಿಗ್ತದಾ?"

"ಈಗ್ಲೇ ಸಿಗಕಿಲ್ಲ."

"ಅಂಗಾರೆ ಎಲ್ಲಿಂದ್ ಕಟ್ಟೀಯ? ಏನ್ ಮಾಡೀಯ?"

ಅವನು ಯೋಚಿಸಿದ. ಬರುವ ತಿಂಗಳು, ಅದರ ಮುಂದಿನ ತಿಂಗಳು, ಎರಡೂ ಅವನಿಗೆ ಸರಿಯಾಗಿಯೇ ಕಂಡವು, ಯಾವುದರಲ್ಲೂ ಗಾಡಿ ಇರಲಿಲ್ಲ. "ಮಾರ್ಬೇಕಾಯ್ತದೆ" ಅಂದ.

ಎದೆಯ ಮೇಲಿನ ಕೊನೆಯ ನಾರು ಪಟ್ಟನೆ ಬಿಟ್ಟಿತು. ಶಿವರಂಜನಿ ಅವನ ಎರಡೂ ಕೈ ಹಿಡಿದು ಎಳೆದು ಕೂರಿಸಿದಳು. ಆಗ ಮೊದಲ ಸಲ ಅವಳ ಮುಖ ಕಂಡಿತು, ಅಷ್ಟೊತ್ತು ಸುಳ್ಳು ಅಳು ಅತ್ತವಳ ಕಣ್ಣು ನಿಜವಾಗಿ ಊದಿಕೊಂಡಿತ್ತು.

"ಮಾರಾಣ" ಅಂದಳು ಅವಳು. "ನಾನೂ ಬತ್ತೀನಿ. ನಾಕ್ ಗಂಟೆಗ್ ಬ್ಯಾಡ, ನಾಳೆ ಒತ್ತಾರೆ ಓಗಾಣ. ರೇಟು ನಾನ್ ಮಾತಾಡ್ತೀನಿ, ನೀನ್ ಮಾತ್ರ ಬಾಯ್ ಬುಡಬ್ಯಾಡ."

"ಊಂ" ಅಂದ ಅನಿಲ್‌ಕುಮಾರ್.